ಎಮ್ಮೆಗೇ ಮೊದಲ ಸ್ಥಾನ: ಎಪ್ಪತ್ತರ ದಶಕದ ಏಳು ಹಾಡುಗಳು

ಮೊನ್ನೆ ತೋರಣಗಲ್ಲಿಗೆ ಹೋದಾಗ ನನಗೂ ಅಪ್ಪನಿಗೂ ಸಣ್ಣದೊಂದು ಜಗಳ. ಆಸ್ತಿಗಲ್ಲ, ಮದುವೆ ವಿಷಯಕ್ಕೂ ಅಲ್ಲ (ಅದು ಬೇರೆಯೇ ನಡೀತಾ ಇದೆ, ಬಿಡಿ :-) ). ಜಗಳ ಹಾಡಿಗೆ. ೧೯೭೦ರಿಂದ ೧೯೭೪ರ ನಡುವೆ ಬಂದ ಸಿನಿಮಾ ಹಾಡುಗಳಲ್ಲಿ ಯಾವುದು ದೊಡ್ಡದು ಅಂತ. ನಾನು ಪಟ್ಟಿ ಮಾಡ್ತೀನಿ ಅಂದೆ. ಅಪ್ಪ ಪೇಪರಿನಿಂದ ತಲೆ ಎತ್ತದೇ, "ಒಂದನೇದು 'ಆಗದು ಎಂದು'. ಉಳಿದದ್ದು ನಿನಗ ಹೆಂಗ ಬೇಕೋ ಹಂಗ ಬರ್ಕೋ" ಅಂದುಬಿಟ್ಟರು. ಪಟ್ಟಿ ಶುರುವಾಗುವ ಮೊದಲೇ ಮುಗಿದ ಹಾಗಾಯ್ತು.

ಮುಗಿಯಲಿಲ್ಲ ಅನ್ನೋದಕ್ಕೆ ಈ ಬರಹವೇ ಸಾಕ್ಷಿ.

ಮೊದಲು ಸ್ವಲ್ಪ ದೂರದ ಕಥೆ ಹೇಳ್ತೀನಿ. ಅದೇ ಕಾಲಕ್ಕೆ ಅಮೆರಿಕದಲ್ಲಿ 'ಕಂಟ್ರಿ' ಅನ್ನೋ ಹಳ್ಳಿಗಾಡಿನ ಹಾಡುಗಳು ಪೇಟೆಯ ಪಾಪ್ ಪಟ್ಟಿಗೂ ಜಿಗಿಯುತ್ತಿದ್ದವು. ಅದಕ್ಕೆ ಅವರು ಇಟ್ಟ ಹೆಸರು ಕ್ರಾಸ್‌ಓವರ್. ೧೯೭೧ರಲ್ಲಿ ಜಾನ್ ಡೆನ್ವರ್ ಹಾಡಿದ 'ಕಂಟ್ರಿ ರೋಡ್ಸ್' ಪಾಪ್ ಪಟ್ಟಿಯಲ್ಲಿ ಎರಡನೇ ಸ್ಥಾನದವರೆಗೂ ಹೋಯಿತು. ಇದು ಎಲ್ಲರಿಗೂ ಹಿಡಿಸಲಿಲ್ಲ. ೧೯೭೫ರಲ್ಲಿ ಕಂಟ್ರಿ ಸಂಗೀತದವರ ದೊಡ್ಡ ಪ್ರಶಸ್ತಿ ಡೆನ್ವರ್‌ಗೆ ಬಂತು. ವೇದಿಕೆ ಮೇಲೆ ಹೆಸರು ಓದಬೇಕಿದ್ದ ಗಾಯಕ ಚಾರ್ಲಿ ರಿಚ್ ಲೈಟರ್ ತೆಗೆದು ಆ ಚೀಟಿಗೇ ಬೆಂಕಿ ಹಚ್ಚಿದ! ಯಾಕೆ ಹಚ್ಚಿದ ಅಂತ ಇವತ್ತಿಗೂ ವಾದ ಇದೆ. ಆದರೆ ಬಹಳ ಜನ ಅದನ್ನು ಓದಿಕೊಂಡಿದ್ದು 'ಪೇಟೆಯವನು ನಮ್ಮ ಹಳ್ಳಿ ಹಾಡು ಕದ್ದ' ಅಂತಲೇ. ತಮಾಷೆ ಏನು ಗೊತ್ತಾ? ವೆಸ್ಟ್ ವರ್ಜೀನಿಯಾ ರಾಜ್ಯವನ್ನು ಹೊಗಳುವ ಆ ಹಾಡನ್ನು ೨೦೧೪ರಲ್ಲಿ ಅದೇ ರಾಜ್ಯ ತನ್ನ ಅಧಿಕೃತ ನಾಡಗೀತೆಗಳಲ್ಲಿ ಒಂದು ಅಂತ ಒಪ್ಪಿಕೊಂಡಿತು. ಡೆನ್ವರ್ ಆ ರಾಜ್ಯದವನೇ ಅಲ್ಲ.

ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಹಾಡುಗಳು. ಆಗಿನ ಕನ್ನಡ ಸಿನಿಮಾ ಹಾಡುಗಳು ಬಹುಪಾಲು ಮುದ್ರಣವಾಗುತ್ತಿದ್ದದ್ದು ಮದ್ರಾಸಿನಲ್ಲಿ. ಹಾಡಿದ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು, ಸುಶೀಲಾ, ಜಾನಕಿ, ಎಸ್ಪಿಬಿ ಎಲ್ಲರ ಮನೆಮಾತೂ ತೆಲುಗು. ಜಿ.ಕೆ. ವೆಂಕಟೇಶ್ ಅವರ ಬಳಿ ಆಗ ಸಹಾಯಕನಾಗಿ ಗಿಟಾರ್ ನುಡಿಸುತ್ತಿದ್ದ ಹುಡುಗ ಮುಂದೆ ಇಳಯರಾಜ ಆದರು. ಅಂದರೆ ನಮ್ಮ ಹೊಲ, ಎತ್ತು, ಕೋಟೆ, ಕಾಡಿನ ಹಾಡುಗಳೆಲ್ಲ ಹುಟ್ಟಿದ್ದು ಸಮುದ್ರದ ದಂಡೆಯ ಒಂದು ಊರಿನಲ್ಲಿ, ಬೇರೆ ಮನೆಮಾತಿನವರ ಗಂಟಲಲ್ಲಿ. ನಮ್ಮ ಬಳ್ಳಾರಿ ಕಡೆಯವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಇಲ್ಲಿ ಮನೆಯೊಳಗೆ ತೆಲುಗು, ಅಂಗಳದಲ್ಲಿ ಕನ್ನಡ ಮಾತಾಡುವವರು ಓಣಿಗೆ ಹತ್ತು ಮನೆ. ಅಜ್ಜನನ್ನು ನಾವು ಕರೆಯೋದೇ 'ತಾತ' ಅಂತ.

ಹಾಗಾಗಿ ನನ್ನ ಅಳತೆಗೋಲು ಇಷ್ಟೇ. ಸಿನಿಮಾ ಎಷ್ಟು ವಾರ ಓಡಿತು ಅನ್ನೋದಲ್ಲ. ಹಾಡು ತಾನು ಹುಟ್ಟಿದ ಮನೆ ಬಿಟ್ಟು ಇನ್ನೊಬ್ಬರ ಮನೆಗೆ ಹೋಗಿ ಅಲ್ಲಿಯದೇ ಆಯಿತೇ? ಪುಸ್ತಕದ್ದು ರೇಡಿಯೋಗೆ, ಕ್ಲಬ್ಬಿನದ್ದು ಮದುವೆ ಬ್ಯಾಂಡಿಗೆ, ನಾಟಕದ್ದು ದನದ ಕೊಟ್ಟಿಗೆಗೆ... ಹಾಗೆ. ಎಷ್ಟು ದೂರ ದಾಟಿತೋ ಅಷ್ಟು ಅಂಕ.

೭. 'ಆಡು ಆಟ ಆಡು': ಕುಳ್ಳ ಏಜೆಂಟ್ ೦೦೦ (೧೯೭೨)

ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ ಒಂದೇ ಒಂದು ಹಾಡು. ಸಂಗೀತ ರಾಜನ್-ನಾಗೇಂದ್ರ. ಕಿಶೋರರ ಆ ಗಂಟಲು ಹೊರಳಿಸುವ 'ಯೂಡ್ಲಿಂಗ್' ಇದೆಯಲ್ಲ, ಅದನ್ನು ಅವರು ಅಣ್ಣನ ಬಳಿ ಇದ್ದ ಹಳೇ ರೆಕಾರ್ಡುಗಳನ್ನು ಕೇಳಿ ಕಲಿತದ್ದು ಅಂತಾರೆ. ಆ ರೆಕಾರ್ಡುಗಳಲ್ಲಿ ಒಬ್ಬ ಜಿಮ್ಮಿ ರಾಜರ್ಸ್, ಅಮೆರಿಕದ ಕಂಟ್ರಿ ಸಂಗೀತದ ಆದಿಪುರುಷರಲ್ಲೊಬ್ಬ, ೧೯೩೩ರಲ್ಲೇ ತೀರಿಕೊಂಡವನು. ಲೆಕ್ಕ ಹಾಕಿ: ಅಮೆರಿಕದ ಹಳ್ಳಿ, ಬೊಂಬಾಯಿ, ಮೈಸೂರಿನ ಸೋದರರು, ದ್ವಾರಕೀಶ್! ದೂರಕ್ಕೆ ಪೂರ್ತಿ ಅಂಕ. ಆದರೆ ಇದು ನಮ್ಮ ಮನೆಗೆ ಬಂದದ್ದು ನೆಂಟನ ಹಾಗೆ, ಉಳಿದುಕೊಳ್ಳಲಿಲ್ಲ. ಕೇಳಿದವರು 'ಕಿಶೋರ್ ಹಾಡು' ಅಂತಾರೆಯೇ ಹೊರತು 'ನಮ್ಮ ಹಾಡು' ಅನ್ನೋದಿಲ್ಲ. ಆದ್ದರಿಂದ ಏಳನೇ ಸ್ಥಾನ.

೬. 'ಜೋಕೆ': ಪರೋಪಕಾರಿ (೧೯೭೦)

ಎಲ್.ಆರ್. ಈಶ್ವರಿ ಹಾಡಿದ್ದು. ಸಂಗೀತ ಕೊಟ್ಟ ಉಪೇಂದ್ರ ಕುಮಾರ್ ಒಡಿಶಾ ಮೂಲದವರು. ಅಪ್ಪಟ ಕ್ಲಬ್ ಹಾಡು. ನಮ್ಮ ಕಡೆ ಕ್ಲಬ್ ಎಲ್ಲಿತ್ತು ಸ್ವಾಮಿ? ಆದರೂ ಈ ಹಾಡು ಮದುವೆ ಬ್ಯಾಂಡಿನವರ ಕ್ಲಾರಿನೆಟ್ಟಿಗೆ ಹತ್ತಿತು, ಊರ ಆರ್ಕೆಸ್ಟ್ರಾಗಳಿಗೆ ಹತ್ತಿತು. ಮನೆಯಲ್ಲಿ ಗುನುಗಿದರೆ ಹಿರಿಯರು ಕೆಮ್ಮುವ ಹಾಡು ಮೆರವಣಿಗೆಯಲ್ಲಿ ಮರ್ಯಾದಸ್ಥ ಆಗಿಬಿಡ್ತು. ಪದ ಬಿಟ್ಟು ಬರೀ ರಾಗ ದಾಟಿ ಹೋದದ್ದಕ್ಕೆ ಇದು ಉದಾಹರಣೆ.

೫. 'ಉತ್ತರ ಧ್ರುವದಿಂ': ಶರಪಂಜರ (೧೯೭೧)

ಬೇಂದ್ರೆಯವರ ಕವಿತೆ. ಪುಟ್ಟಣ್ಣ ಕಣಗಾಲ್ ಸಿನಿಮಾ, ವಿಜಯಭಾಸ್ಕರ್ ಸಂಗೀತ. ಇದೇ ಜೋಡಿ ೧೯೬೭ರ 'ಬೆಳ್ಳಿ ಮೋಡ'ದಲ್ಲೂ ಬೇಂದ್ರೆಯವರನ್ನು ತಂದಿತ್ತು. ೧೯೭೩ರ ಜ್ಞಾನಪೀಠ ಬೇಂದ್ರೆಯವರಿಗೆ ಬಂದಾಗ ಅವರ ಪುಸ್ತಕ ಮುಟ್ಟದವರ ಬಾಯಲ್ಲೂ ಅವರ ಸಾಲುಗಳು ಆಗಲೇ ಇದ್ದವು. ಅರ್ಥ ಪೂರ್ತಿ ಆಗಿತ್ತಾ? ನನಗೇ ಇನ್ನೂ ಪೂರ್ತಿ ಆಗಿಲ್ಲ! ಕವಿತೆಯನ್ನು ಹಾಡು ಮಾಡಿ ಹಾಳು ಮಾಡಿದರು ಅನ್ನೋ ಮೇಷ್ಟ್ರುಗಳನ್ನು ನಾನು ಒಪ್ಪೋದಿಲ್ಲ. ಅರ್ಥವಾಗದೆಯೂ ನಾಲಿಗೆ ಮೇಲೆ ಐವತ್ತು ವರ್ಷ ಕೂತಿರೋದು ಕವಿತೆಗೆ ಅವಮಾನ ಅಲ್ಲ.

೪. 'ನಾವಾಡುವ ನುಡಿಯೇ': ಗಂಧದ ಗುಡಿ (೧೯೭೩)

ಸಿನಿಮಾ ಬಂದ ವರ್ಷವೇ ನವೆಂಬರ್ ೧ಕ್ಕೆ ರಾಜ್ಯಕ್ಕೆ 'ಕರ್ನಾಟಕ' ಅಂತ ಹೆಸರಾಯಿತು. ರಾಜನ್-ನಾಗೇಂದ್ರ ಸಂಗೀತ, ಪಿ.ಬಿ.ಎಸ್. ಕಂಠ. ಕಾಡಿನ ಅಧಿಕಾರಿಯೊಬ್ಬ ಜೀಪಿನಲ್ಲಿ ಹಾಡಿಕೊಂಡು ಬರುವ ಹಾಡು ರಾಜ್ಯೋತ್ಸವದ ಮೈಕಿನ ಹಾಡಾಯಿತು. ನಮ್ಮ ಶಾಲೆಯಲ್ಲಿ ಇದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದವನು ಮನೆಯಲ್ಲಿ ತೆಲುಗು ಮಾತಾಡುವ ನನ್ನ ಗೆಳೆಯ. ಅವನನ್ನು ಯಾರಾದರೂ 'ನಿನ್ನ ನುಡಿ ಯಾವುದು' ಅಂತ ಕೇಳಿದ್ದರೆ ಅವನಿಗೆ ಪ್ರಶ್ನೆಯೇ ಅರ್ಥ ಆಗ್ತಿರಲಿಲ್ಲ. ಕಾಕಿನಾಡದವರು ಹಾಡಿದ್ದನ್ನು ಅವನು ಹಾಡಿದ, ಅಷ್ಟೇ. ಹಾಡು ಯಾರದು ಅಂತ ಚೀಟಿ ಸುಡುವವರು ಇದನ್ನು ಸ್ವಲ್ಪ ಯೋಚಿಸಬೇಕು.

೩. 'ಕನ್ನಡ ನಾಡಿನ ವೀರ ರಮಣಿ': ನಾಗರಹಾವು (೧೯೭೨)

ಮೂರು ತ.ರಾ.ಸು. ಕಾದಂಬರಿಗಳಿಂದ ಒಂದು ಸಿನಿಮಾ. ಅದರಲ್ಲಿ ಒನಕೆ ಓಬವ್ವನ ಮೇಲೆ ಚಿ. ಉದಯಶಂಕರ್ ಬರೆದ ಲಾವಣಿ ಧಾಟಿಯ ಹಾಡು. ಓಬವ್ವನಾಗಿ ಬಂದ ಜಯಂತಿ ತೆರೆಯ ಮೇಲಿರೋದು ಕೆಲವೇ ನಿಮಿಷ. ಆದರೆ ಇವತ್ತು ಕರ್ನಾಟಕದ ಯಾವ ಮಗುವನ್ನಾದರೂ ಓಬವ್ವನ ಚಿತ್ರ ಬರಿ ಅನ್ನಿ, ಅದು ಬರೆಯೋದು ಆ ಕೆಲವೇ ನಿಮಿಷಗಳನ್ನು. ಶಾಲಾ ವಾರ್ಷಿಕೋತ್ಸವ ಅಂದರೆ ಒಂದು ಒನಕೆ, ಒಂದು ಕಚ್ಚೆ ಸೀರೆ, ಈ ಹಾಡು. ನಮ್ಮಕ್ಕ ಐದನೇ ಕ್ಲಾಸಿನಲ್ಲಿ ಓಬವ್ವ ಆಗಿದ್ದಳು. ಹೈದರಾಲಿಯ ಸೈನಿಕನಾಗಿ ರಟ್ಟಿನ ಕಿಂಡಿಯಲ್ಲಿ ತಲೆ ತೂರಿಸಿದ್ದು ನಾನೇ. ಪೆಟ್ಟು ನಿಜವಾಗಿಯೂ ಬಿತ್ತು. ಕೋಟೆಯ ಐತಿಹ್ಯ ಸಿನಿಮಾಕ್ಕೆ ಹೋಗಿ, ಸಿನಿಮಾದಿಂದ ಮತ್ತೆ ಐತಿಹ್ಯವೇ ಆಗಿ ವಾಪಸ್ ಬಂದ ಹಾಡು ಇದು.

('ನಗುನಗುತಾ ನಲಿ' ಎಲ್ಲಿ ಅಂತ ಬೈಯಬೇಡಿ. ಅದು ಎಲ್ಲರ ಮನೆಯಲ್ಲೂ ಹುಟ್ಟಿದ ಹಾಗೇ ಇತ್ತು. ದಾಟುವ ಕಷ್ಟವೇ ಅದಕ್ಕೆ ಇರಲಿಲ್ಲ.)

೨. 'ಆಗದು ಎಂದು': ಬಂಗಾರದ ಮನುಷ್ಯ (೧೯೭೨)

ಇಲ್ಲಿಗೆ ಬಂತು ಜಗಳ. ಆರ್.ಎನ್. ಜಯಗೋಪಾಲ್ ಸಾಹಿತ್ಯ, ಜಿ.ಕೆ. ವೆಂಕಟೇಶ್ ಸಂಗೀತ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಸಿನಿಮಾ. ಅದನ್ನು ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಹೋದವರಿದ್ದರು ಅಂತ ಇವತ್ತಿಗೂ ಹೇಳ್ತಾರೆ. ಹಾಡಲ್ಲಿ ಕನ್ನಂಬಾಡಿ ಕಟ್ಟಿದ ವಿಶ್ವೇಶ್ವರಯ್ಯನವರ ಮಾತು ಬರುತ್ತೆ: ದುಡಿದರೆ ಎಲ್ಲ ಆಗುತ್ತೆ ಅನ್ನೋದಕ್ಕೆ ಸಾಕ್ಷಿಯಾಗಿ. ದಾಟಿದ ಲೆಕ್ಕದಲ್ಲಿ ಇದಕ್ಕೆ ಸಾಟಿ ಇಲ್ಲ. ಹೊಲದಿಂದ ಸರ್ಕಾರಿ ವೇದಿಕೆಗೆ, ಅಲ್ಲಿಂದ ಕೋಚಿಂಗ್ ಕ್ಲಾಸಿಗೆ, ಅಲ್ಲಿಂದ ನಮ್ಮ ಸಾಫ್ಟ್‌ವೇರ್ ಆಫೀಸಿಗೂ ಬಂತು. ಹಾಗಿದ್ದೂ ಎರಡನೇ ಸ್ಥಾನ ಯಾಕೆ?

೧೯೭೧ರಲ್ಲಿ ಇಂದಿರಾ ಗಾಂಧಿ ನಮ್ಮ ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ನಮ್ಮ ತಾತ ಆ ಸಭೆಗೆ ಹೋಗಿದ್ದ. ಮರುವರ್ಷ ಬಂಗಾರದ ಮನುಷ್ಯ. ಹೊಸಪೇಟೆಗೆ ರೈಲಲ್ಲಿ ಹೋಗಿ ಮನೆಮಂದಿಯೆಲ್ಲ ನೋಡಿ ಬಂದರಂತೆ; ನಮ್ಮಪ್ಪನಿಗೆ ಆಗ ಒಂಬತ್ತು. ಸಾಕ್ಷಾತ್ ಊರಲ್ಲೇ ಕಾರ್ಖಾನೆ ಬರುತ್ತೆ, ಬಾಯಲ್ಲಿ ಆ ಹಾಡು ಇದೆ. ಇನ್ನೇನು ಬೇಕು? ಆದರೆ ಸರ್ಕಾರದ ಆ ಕಾರ್ಖಾನೆ ಏಳಲೇ ಇಲ್ಲ. ಇಲ್ಲಿ ಉಕ್ಕು ಕರಗಿದ್ದು ಬಹಳ ತಡವಾಗಿ, ೧೯೯೪ರಲ್ಲಿ ಹುಟ್ಟಿದ ಖಾಸಗಿ ಕಂಪನಿಯ ಕುಲುಮೆಯಲ್ಲಿ. ಅಷ್ಟರಲ್ಲಿ ತಾತನಿಗೆ ಕೆಲಸದ ವಯಸ್ಸು ಮುಗಿದಿತ್ತು. ಅವನು ಕೈಕಟ್ಟಿ ಕೂತಿರಲಿಲ್ಲ. ದುಡಿಯೋದರಲ್ಲಿ ಅವನ ಕಡೆಯಿಂದ ಕೊರತೆ ಇರಲಿಲ್ಲ.

ಇನ್ನೊಂದು ನೆನಪು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯ ರಾಜ್ಯೋತ್ಸವದಲ್ಲಿ ಎಲ್ಲರೂ ಸೇರಿ ಇದೇ ಹಾಡು ಹಾಡಿದ್ವಿ. ಅದೇ ತಿಂಗಳ ಕೊನೆಗೆ ಹಾಡಿದವರಲ್ಲಿ ಮೂವರನ್ನು ಮನೆಗೆ ಕಳಿಸಿದರು. ಅವರೂ ಕೈಕಟ್ಟಿ ಕೂತವರಲ್ಲ.

ಹಾಡಿನ ತಪ್ಪು ಅಂತ ಹೇಳ್ತಿಲ್ಲ. ಸಿನಿಮಾದಲ್ಲಿ ರಾಜೀವ ಅದನ್ನು ಹಾಡೋದು ತನ್ನ ಕೈಯಲ್ಲೇ ನೆಲ ಅಗೆಯುತ್ತಾ. ಮಾತು ಕೊಟ್ಟವನೂ ದುಡಿಯುವವನೂ ಅವನೇ. ನಂತರ ಅದನ್ನು ಮೈಕಿನ ಮುಂದೆ ಹಾಡಿಸಿದವರು, ದುಡಿಯುವ ಪಾಲು ನಮಗೆ ಕೊಟ್ಟು, ಮಾತು ಉಳಿಸಿಕೊಳ್ಳುವ ಪಾಲನ್ನು ಮರೆತರು. ದಾಟುವಾಗ ಹಾಡಿನ ಅರ್ಧ ಆಚೆ ದಡದಲ್ಲೇ ಉಳಿಯಿತು. ಅದಕ್ಕೆ ಒಂದು ಅಂಕ ಕಮ್ಮಿ.

೧. 'ಯಾರೇ ಕೂಗಾಡಲಿ': ಸಂಪತ್ತಿಗೆ ಸವಾಲ್ (೧೯೭೪)

ಇದು ಮೂಲದಲ್ಲಿ ನಮ್ಮ ಉತ್ತರ ಕರ್ನಾಟಕದ ಕಂಪನಿ ನಾಟಕ, ಪಿ.ಬಿ. ಧುತ್ತರಗಿಯವರದು. ಊರೂರ ಜಾತ್ರೆಯ ತಗಡಿನ ಥಿಯೇಟರಿನಿಂದ ಮದ್ರಾಸಿಗೆ ಹೋಗಿ, ಅಲ್ಲಿಂದ ಮತ್ತೆ ಊರೂರಿಗೆ ಬಂತು. ರಾಜ್‌ಕುಮಾರ್ ಹಿಂದೆ 'ಓಹಿಲೇಶ್ವರ' (೧೯೫೬), 'ಮಹಿಷಾಸುರ ಮರ್ದಿನಿ' (೧೯೫೯)ಯಲ್ಲಿ ಹಾಡಿದ್ದರೂ, ತಮ್ಮ ಪಾತ್ರಗಳಿಗೆ ತಾವೇ ಹಾಡುವ ಹೊಸ ಕಾಲ ಶುರುವಾದದ್ದು ಈ ಹಾಡಿನಿಂದ. ಅಲ್ಲೂ ಒಂದು ದಾಟು: ನಟ ಗಾಯಕನಾದ. ಅದೂ ಎಂಥ ಹಾಡಿನಿಂದ? ಎಮ್ಮೆಯ ಮೇಲೆ ಕೂತು ಎಮ್ಮೆಯನ್ನೇ ಹೊಗಳುವ ಹಾಡಿನಿಂದ!

ನಮ್ಮ ಪುರಾಣ ಕಾವ್ಯಗಳಲ್ಲಿ ಹಸುವಿಗೆ ಸಿಕ್ಕ ಗೌರವ ಎಮ್ಮೆಗೆ ಸಿಕ್ಕಿಲ್ಲ. ಅದು ಯಮನ ವಾಹನದ ಹೆಂಡತಿ, ದಡ್ಡರಿಗೆ ಕೊಡುವ ಬಿರುದು. ಈ ಹಾಡು ಬಂದು ಎಮ್ಮೆಯ ನಿಧಾನವನ್ನು ಋಷಿಯ ನೆಮ್ಮದಿ ಮಾಡಿಬಿಟ್ಟಿತು. ಬೈದರೂ ಅಷ್ಟೇ, ಹೊಗಳಿದರೂ ಅಷ್ಟೇ. ಇದು ಯಾರಿಗೂ ಏನನ್ನೂ ಕೊಡಿಸುವ ಮಾತು ಕೊಡೋದಿಲ್ಲ, ಯಾರನ್ನೂ ದುಡಿ ಅಂತ ಎಬ್ಬಿಸೋದೂ ಇಲ್ಲ. ಹಾಗಾಗಿ ಇದನ್ನು ಯಾವ ವೇದಿಕೆಯೂ ಕಸಿದುಕೊಳ್ಳೋಕೆ ಆಗಲಿಲ್ಲ.

ತಾತ ಎರಡು ಎಮ್ಮೆ ಸಾಕಿದ್ದ. ನಾಟಕವನ್ನು ಜಾತ್ರೆಯಲ್ಲಿ ನೋಡಿದ್ದ, ಸಿನಿಮಾನೂ ನೋಡಿದ್ದ. ಸಂಜೆ ಹಾಲು ಹಿಂಡುವಾಗ ಗುನುಗುತ್ತಿದ್ದದ್ದು ಇದನ್ನೇ. 'ಆಗದು ಎಂದು' ಹಾಡನ್ನು ಅವನ ಬಾಯಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಇಷ್ಟನ್ನೂ ಅಪ್ಪನಿಗೆ ಹೇಳಿದೆ. ಅವರು ಪೇಪರ್ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನೀ ಹುಟ್ಟೋಕಿಂತ ಮೊದಲು ಹಾಡ್ತಿದ್ದ ಬಿಡು. ನನ್ನ ಸೈಕಲ್ ಮುಂದ ಕೂಡ್ರಿಸ್ಕೊಂಡು ಆ ಕಲ್ಲು ತೋರಿಸ್ಕೋತ ಹಾಡ್ತಿದ್ದ. ಅದಕ್ಕ ನನಗ ಅದೇ ಒಂದನೇದು" ಅಂದರು.

ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಪಟ್ಟಿ ಬದಲಿಸಲಾ ಅಂತ ರಾತ್ರಿಯೆಲ್ಲ ಯೋಚಿಸಿದೆ. ಬದಲಿಸಿಲ್ಲ. ತಾತನ ಎರಡು ಹಾಡುಗಳಲ್ಲಿ ಅಪ್ಪನಿಗೆ ಮೊದಲನೆಯದು ಸಿಕ್ಕಿತು, ನನಗೆ ಎರಡನೆಯದು. ಎಮ್ಮೆ ಒಂದನೇ ಸ್ಥಾನದಲ್ಲೇ ಇರಲಿ. ಅಪ್ಪ ಕೂಗಾಡಿದರೂ ಅದಕ್ಕೇನೂ ಬೇಜಾರಿಲ್ಲ.

ನಿಮ್ಮ ಮನೆಯ ಒಂದನೇ ಹಾಡು ಯಾವುದು? ಯಾರ ಬಾಯಲ್ಲಿ ಕೇಳಿದ್ದು ಅನ್ನೋದನ್ನೂ ಸೇರಿಸಿ ಹೇಳಿ. ಇಲ್ಲದಿದ್ದರೆ ಅಂಕ ಕೊಡೋದಿಲ್ಲ :-)