ಒಂದು ಪೈಸೆಯ ಊರಿನಲ್ಲಿ ಸೈಕಲ್ಲಿನ ಬಾಡಿಗೆ

ಕಲ್ಕತ್ತೆಯ ಮೊದಲ ವಿದ್ಯುತ್ ಟ್ರಾಮ್ 1902ರಲ್ಲಿ ಓಡಿದ್ದು ಎಸ್ಪ್ಲನೇಡಿನಿಂದ ಖಿದಿರ್‌ಪುರಕ್ಕೆ. 2020ರ ಆಂಫನ್ ಚಂಡಮಾರುತದ ನಂತರ ಆ ಮಾರ್ಗ ನಿಂತುಹೋಯಿತು. ವರ್ಗವಾಗಿ ಇಲ್ಲಿಗೆ ಬಂದ ನಮ್ಮಂಥವರಿಗೆ ಆ ಟ್ರಾಮ್ ಹಿರಿಯರ ಮಾತಿನಲ್ಲಷ್ಟೇ ಸಿಕ್ಕಿತು. ಆ ತೆರವನ್ನು ಹಂಚಿಕೆಯ ಸೈಕಲ್ಲುಗಳು ತುಂಬಬಲ್ಲವು ಎನ್ನುವವರನ್ನು ನಾವು ಕೇಳಬೇಕಾದ ಪ್ರಶ್ನೆ ಒಂದೇ: ಬಾಡಿಗೆ ಎಷ್ಟು?

"ಬಳಸುವವನೇ ಪೂರ್ತಿ ವೆಚ್ಚ ಕೊಡಲಿ" ಎಂಬುದು ಸುಲಭದ ಉತ್ತರ. ಲೆಕ್ಕ ಹಾಕಿ ನೋಡೋಣ. ಬೀಗ ತೆರೆಯಲು ಹತ್ತು ರೂಪಾಯಿ, ಆಮೇಲೆ ನಿಮಿಷಕ್ಕೆ ಒಂದೂವರೆ ಎಂದಿಟ್ಟುಕೊಳ್ಳಿ. ಮೈದಾನದ ಅಂಚಿನಲ್ಲಿ ಇಪ್ಪತ್ತು ನಿಮಿಷ ತುಳಿದರೆ ನಲವತ್ತು ರೂಪಾಯಿ, ಹೋಗಿಬರಲು ಎಂಬತ್ತು, ಇಪ್ಪತ್ತೈದು ದಿನಕ್ಕೆ ಎರಡು ಸಾವಿರ. ಬಂದರಿನ ಕೂಲಿಯವನು ನಾಲ್ಕು ತಿಂಗಳು ಇಷ್ಟು ತೆತ್ತರೆ ಸ್ವಂತ ಸೈಕಲ್ಲನ್ನೇ ಕೊಳ್ಳಬಹುದು. ಇಂಥ ದರ ಭಾನುವಾರದ ವಿಹಾರಿಗಳಿಗೆ ಹೊಂದೀತು, ದುಡಿಯುವವರಿಗಲ್ಲ.

ಠೇವಣಿಯದು ಇನ್ನೊಂದು ಗೋಡೆ. ಒಮ್ಮೆಗೇ ಇಡುಗಂಟು ತೆರಲಾಗದವನೇ ಅಗ್ಗದ ಸವಾರಿ ಹುಡುಕುವವನು. 2018ರಲ್ಲಿ ಚೀನಾದ ಓಫೋ ಕಂಪನಿ ಮುಗ್ಗರಿಸಿದಾಗ ಒಂದು ಕೋಟಿಗೂ ಹೆಚ್ಚು ಜನ ತಮ್ಮ ಠೇವಣಿಗಾಗಿ ಸಾಲುಗಟ್ಟಿದ್ದರು.

ಬೇರೆ ದಾರಿಗಳಿವೆ. ಹಾಂಗ್‌ಝೌ ನಗರ 2008ರಲ್ಲಿ ಮೊದಲ ಒಂದು ಗಂಟೆಯನ್ನು ಉಚಿತವಾಗಿಸಿತು. ಪ್ಯಾರಿಸ್ 2007ರಲ್ಲಿ, ಚಂದಾ ಕಟ್ಟಿದವರಿಗೆ, ಮೊದಲ ಅರ್ಧ ಗಂಟೆಗೆ ಬಾಡಿಗೆ ಕೇಳಲಿಲ್ಲ. ವೆಚ್ಚದ ಹೊರೆಯನ್ನು ಜಾಹೀರಾತಿನ ಒಪ್ಪಂದ ಹೊತ್ತಿತು. ನಮ್ಮ ಮೈಸೂರಿನ ಟ್ರಿಣ್ ಟ್ರಿಣ್ 2017ರಲ್ಲಿ 450 ಸೈಕಲ್ಲುಗಳೊಡನೆ ಹೊರಟದ್ದು ಪಾಲಿಕೆಯ ಆಶ್ರಯದಲ್ಲಿ, ವಿಶ್ವಸಂಸ್ಥೆಯ ನೆರವಿನಿಂದ. ಬಾಡಿಗೆಯೊಂದನ್ನೇ ನೆಚ್ಚಿದ ಸಾಹಸಗಳಲ್ಲ ಇವು.

ಹಣ ಎಲ್ಲಿಂದ ಎನ್ನುತ್ತೀರಾ? ರಸ್ತೆಯ ಅಂಚನ್ನು ದಿನವಿಡೀ ಆಕ್ರಮಿಸುವ ಕಾರುಗಳ ನಿಲುಗಡೆ ಶುಲ್ಕದಿಂದ. ಇದೇ ನಗರ 2013ರಲ್ಲಿ 174 ರಸ್ತೆಗಳಲ್ಲಿ ಸೈಕಲ್ಲನ್ನು ನಿಷೇಧಿಸಿತ್ತು. ಕಾರಿಗೆ ನೆರಳು, ಸೈಕಲ್ಲಿಗೆ ದಂಡ ಎಂಬ ನೀತಿ ಬದಲಾಗದೆ ದರಪಟ್ಟಿಯೊಂದೇ ಬದಲಾದರೆ ಏನು ಫಲ?

1953ರಲ್ಲಿ ಟ್ರಾಮಿನ ಎರಡನೆಯ ದರ್ಜೆಯ ಟಿಕೆಟ್ಟಿಗೆ ಒಂದು ಪೈಸೆ ಏರಿಸಿದ್ದಕ್ಕೆ ಈ ಊರು ಬೀದಿಗಿಳಿಯಿತು. ಕೊನೆಗೆ ಏರಿಕೆಯೇ ಹಿಂದೆ ಸರಿಯಿತು. ಒಂದು ಪೈಸೆಯ ತೂಕ ಬಲ್ಲ ಊರಿಗೆ ನಾವು, ಹೊರಗಿನಿಂದ ಬಂದವರು, ಹೊಸ ಪಾಠ ಹೇಳಬೇಕಿಲ್ಲ. ಠೇವಣಿ ಬೇಡ, ಮೊದಲ ಅರ್ಧ ಗಂಟೆ ಉಚಿತವಿರಲಿ, ಮೊಬೈಲಿಲ್ಲದವನಿಗೂ ತಿಂಗಳ ಪಾಸು ಸಿಗಲಿ. ಇಷ್ಟಕ್ಕೆ ಒಪ್ಪದ ಯೋಜನೆ ಖಿದಿರ್‌ಪುರಕ್ಕೆ ಬಾರದಿದ್ದರೂ ನಷ್ಟವಿಲ್ಲ.