ಆಟಗಾರ ಇದ್ದಾನೆ, ಏಣಿ ಎಲ್ಲಿ?

ರಷ್ಯಾದ ತಾಂಬೋವ್ ಎಂಬ ಊರಿನ ಹೆಸರನ್ನು ನವಲಗುಂದದಲ್ಲಾಗಲಿ ಕುಂದಗೋಳದಲ್ಲಾಗಲಿ ಕೇಳಿದವರು ವಿರಳ. ಆದರೂ ಆ ಸೀಮೆಗೂ ಧಾರವಾಡ ಜಿಲ್ಲೆಯ ಬಯಲಿಗೂ ಒಂದು ಸಾಮ್ಯವಿದೆ. ಎರಡೂ ಕರಿಮಣ್ಣಿನ ನಾಡುಗಳು. ಅಲ್ಲಿ ಗೋಧಿ, ಸಕ್ಕರೆ ಬೀಟು. ಇಲ್ಲಿ ಜೋಳ, ಹತ್ತಿ, ಕಡಲೆ, ಮೆಣಸಿನಕಾಯಿ. ಎರಡೂ ತಂತಮ್ಮ ರಾಜಧಾನಿಯಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರ. ಸಾಮ್ಯ ಅಲ್ಲಿಗೆ ಮುಗಿಯುತ್ತದೆ. ತಾಂಬೋವ್‌ನಲ್ಲಿ ಹುಟ್ಟಿದ ಒಬ್ಬ ಬಾಲಕ ಕಾಲ್ಚೆಂಡನ್ನೇ ನಂಬಿ ವಿಶ್ವಕಪ್ ಆಡುವ ಮಟ್ಟಕ್ಕೆ ಬೆಳೆದ. ನವಲಗುಂದದ ಬಾಲಕನಿಗೆ ಅಂಥ ದಾರಿ ಇದೆಯೆಂಬ ಕಲ್ಪನೆಯೂ ಇಲ್ಲ. ಈ ಅಂತರಕ್ಕೆ ಪ್ರತಿಭೆಯ ಕೊರತೆ ಕಾರಣವೇ, ವ್ಯವಸ್ಥೆಯ ಕೊರತೆ ಕಾರಣವೇ ಎಂಬುದನ್ನು ನಾವು ನಿಷ್ಠುರವಾಗಿ ಕೇಳಿಕೊಳ್ಳಬೇಕಾಗಿದೆ.

ಆ ಬಾಲಕನ ಹೆಸರು ಯೂರಿ ಝಿರ್ಕೋವ್. ಜನಿಸಿದ್ದು 1983ರ ಆಗಸ್ಟ್‌ನಲ್ಲಿ. ಊರಿನ ಕ್ರೀಡಾಶಾಲೆಯಲ್ಲಿ ಚೆಂಡು ಒದೆಯಲು ಕಲಿತು, 2001ರಲ್ಲಿ ಸ್ಥಳೀಯ ಸ್ಪಾರ್ಟಕ್ ತಾಂಬೋವ್ ಕ್ಲಬ್ಬಿನ ಪರ ಆಡತೊಡಗಿದಾಗ ಆತನಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ. ಆ ಕ್ಲಬ್ ಇದ್ದುದು ದೇಶದ ಮೂರನೇ ಶ್ರೇಣಿಯ ಲೀಗಿನಲ್ಲಿ. ಹೊರಗಿನವರು ಅದರ ಹೆಸರನ್ನೂ ಕೇಳಿರಲಿಕ್ಕಿಲ್ಲ. ಆದರೆ ಅಲ್ಲಿ ಮೂರು ವರ್ಷ, ಋತುವಿಡೀ ಬಿಡದೆ ಪಂದ್ಯಗಳನ್ನು ಆಡುವ ಅವಕಾಶ ಆತನಿಗೆ ದೊರೆಯಿತು. 2004ರಲ್ಲಿ ರಾಜಧಾನಿಯ ಸಿಎಸ್‌ಕೆಎ ಮಾಸ್ಕೋ ಆತನನ್ನು ಸೇರಿಸಿಕೊಂಡಿತು. ಮರುವರ್ಷ ಮೇ ತಿಂಗಳಲ್ಲಿ ಲಿಸ್ಬನ್‌ನಲ್ಲಿ ನಡೆದ ಯುಇಎಫ್‌ಎ ಕಪ್ ಫೈನಲ್‌ನಲ್ಲಿ ಸಿಎಸ್‌ಕೆಎ 3-1ರಿಂದ ಗೆದ್ದು, ಯುರೋಪಿನ ಪ್ರಶಸ್ತಿ ಪಡೆದ ಮೊದಲ ರಷ್ಯನ್ ಕ್ಲಬ್ ಎನಿಸಿತು. ಎರಡನೇ ಗೋಲು ಝಿರ್ಕೋವ್‌ನದು. ಮೂರನೇ ಶ್ರೇಣಿಯಿಂದ ಯುರೋಪಿನ ವೇದಿಕೆಗೆ ಒಂದೂವರೆ ವರ್ಷದ ನಡಿಗೆ!

ಮುಂದಿನದು ಇತಿಹಾಸ. 2008ರ ಯುರೋ ಟೂರ್ನಿಯ ಶ್ರೇಷ್ಠ ಆಟಗಾರರ ಪಟ್ಟಿಯಲ್ಲಿ ಆತನ ಹೆಸರು ಬಂತು. 2009ರಲ್ಲಿ ಇಂಗ್ಲೆಂಡಿನ ಚೆಲ್ಸಿ ಕ್ಲಬ್ ಸುಮಾರು 1.8 ಕೋಟಿ ಪೌಂಡ್ ತೆತ್ತು ಆತನನ್ನು ಕರೆಸಿಕೊಂಡಿತು. 2011ರಲ್ಲಿ ಆತ ಕೋಟ್ಯಧಿಪತಿಯೊಬ್ಬರ ಹಣದಿಂದ ದಿಢೀರನೆ ಮೆರೆದ ಮಖಾಚ್ಕಲಾದ ಅಂಝಿ ಕ್ಲಬ್ ಸೇರಿದ. ಎರಡೇ ವರ್ಷಗಳಲ್ಲಿ ಮಾಲೀಕರು ಕೈ ಬಿಗಿ ಹಿಡಿದಾಗ ತಂಡ ಚದುರಿತು. ಝಿರ್ಕೋವ್ ಡೈನಮೊ ಮಾಸ್ಕೋ ಸೇರಿದ. ನಂತರ ಝೆನಿತ್, ಕೊನೆಗೆ ಖಿಮ್ಕಿ. 2018ರಲ್ಲಿ ತವರಿನಲ್ಲೇ ನಡೆದ ವಿಶ್ವಕಪ್‌ನಲ್ಲಿ ಆಡಿದ. ಮುಂದೂಡಿಕೆಯಾಗಿ 2021ರಲ್ಲಿ ನಡೆದ ಯುರೋ ಟೂರ್ನಿಯ ಮೊದಲ ಪಂದ್ಯದಲ್ಲೇ ಗಾಯಗೊಂಡು ಹೊರನಡೆದ. ದೇಶದ ಪರ ನೂರಕ್ಕೂ ಹೆಚ್ಚು ಪಂದ್ಯಗಳನ್ನಾಡಿ 2022ರಲ್ಲಿ ನಿವೃತ್ತನಾದ.

ಈ ವೃತ್ತಿಜೀವನದಿಂದ ನಾವು ಗಮನಿಸಬೇಕಾದದ್ದು ಚೆಲ್ಸಿ ತೆತ್ತ ಕೋಟಿಗಳನ್ನಲ್ಲ, ತಾಂಬೋವ್‌ನ ಮೊದಲ ಮೂರು ವರ್ಷಗಳನ್ನು. ಮನೆಯಿಂದ ದೂರ ಹೋಗದೆ, ಊರಿನ ಕ್ಲಬ್ಬಿನಲ್ಲೇ, ಅನುಭವಿಗಳ ಎದುರು ನಿರಂತರವಾಗಿ ಆಡುವ ವ್ಯವಸ್ಥೆಯೊಂದು ಇಲ್ಲದೇ ಹೋಗಿದ್ದರೆ ಮಾಸ್ಕೋದ ಕಣ್ಣಿಗೆ ಆತ ಬೀಳುತ್ತಿರಲಿಲ್ಲ. ಸೋವಿಯತ್ ಕಾಲದಲ್ಲಿ ಊರೂರಿನಲ್ಲಿ ಕಟ್ಟಿದ ಮಕ್ಕಳ ಕ್ರೀಡಾಶಾಲೆಗಳು ಮತ್ತು ಕೆಳಶ್ರೇಣಿಯ ಲೀಗುಗಳು ಆ ಏಣಿಯ ಕೆಳಗಿನ ಮೆಟ್ಟಿಲುಗಳು. ರಷ್ಯಾದ ವ್ಯವಸ್ಥೆ ನಿರ್ದೋಷಿಯೆಂದು ಯಾರೂ ಹೇಳಲಾರರು. ಅದರ ಕ್ರೀಡಾಡಳಿತಕ್ಕೆ ಉದ್ದೀಪನ ಮದ್ದಿನ ಕಳಂಕವಿದೆ. ಉಕ್ರೇನ್ ಮೇಲಿನ ದಾಳಿಯ ಬಳಿಕ 2022ರಲ್ಲಿ ಅದರ ತಂಡಗಳು ಅಂತರರಾಷ್ಟ್ರೀಯ ಕಾಲ್ಚೆಂಡಿನಿಂದ ಅಮಾನತುಗೊಂಡವು. ಆದರೆ ಏಣಿಯ ಪಾಠ ಅದರಿಂದ ಸುಳ್ಳಾಗುವುದಿಲ್ಲ.

ಇದೇ ಊರಿನ ಇನ್ನೊಂದು ಕಥೆ ಈ ಪಾಠವನ್ನು ಮತ್ತಷ್ಟು ಸ್ಪಷ್ಟಪಡಿಸುತ್ತದೆ. 2013ರಲ್ಲಿ ಎಫ್‌ಸಿ ತಾಂಬೋವ್ ಎಂಬ ಹೊಸ ಕ್ಲಬ್ ಹುಟ್ಟಿತು. 2019ರ ಹೊತ್ತಿಗೆ ದೇಶದ ಅತ್ಯುನ್ನತ ಲೀಗನ್ನೂ ಪ್ರವೇಶಿಸಿತು. ಆದರೆ ಊರಿನ ಕ್ರೀಡಾಂಗಣ ಆ ಮಟ್ಟಕ್ಕೆ ಸಾಲದೆ ತವರಿನ ಪಂದ್ಯಗಳನ್ನು ಪರ ಊರುಗಳಲ್ಲಿ ಆಡಬೇಕಾಯಿತು. ಸಾಲದ ಹೊರೆಯಲ್ಲಿ ಕುಸಿದು 2021ರಲ್ಲಿ ಕ್ಲಬ್ಬೇ ಇಲ್ಲವಾಯಿತು. ಬುಡವಿಲ್ಲದ ವೈಭವ ಎರಡು ವರ್ಷ ಬಾಳಿತು. ಮೂರನೇ ಶ್ರೇಣಿಯ ಹಳೆಯ ಕ್ಲಬ್ಬು ಮಾತ್ರ ಸದ್ದಿಲ್ಲದೆ ಒಬ್ಬ ವಿಶ್ವಮಟ್ಟದ ಆಟಗಾರನನ್ನು ಕೊಟ್ಟಿತ್ತು.

ಕರ್ನಾಟಕದ ಕಾಲ್ಚೆಂಡಿನ ಕಥೆಯನ್ನೂ ಇದೇ ಬೆಳಕಿನಲ್ಲಿ ನೋಡಬಹುದು. ನಮ್ಮಲ್ಲಿ ಪ್ರತಿಭೆಗೆ ಬರವಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದು, ಮುಂದೆ ಈಸ್ಟ್ ಬೆಂಗಾಲ್‌ನ ‘ಪಂಚಪಾಂಡವ’ರಲ್ಲಿ ಒಬ್ಬರೆನಿಸಿದ ಅಹ್ಮದ್ ಖಾನ್ ಕೂಡ ಇದೇ ನಗರದವರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದಾಗ ತಂಡದಲ್ಲಿ ಮೈಸೂರು ರಾಜ್ಯದ ಕೆಂಪಯ್ಯ ಇದ್ದರು. ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿದ್ದ ರಾಜ್ಯ, 1968-69ರ ನಂತರ ಐದನೇ ಗೆಲುವಿಗಾಗಿ 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಭಾರತ ತಂಡದ ನಾಯಕರಾಗಿದ್ದ ಕಾರ್ಲ್ಟನ್ ಚಾಪ್‌ಮನ್ ಬೆಂಗಳೂರಿನಿಂದ ಟಾಟಾ ಅಕಾಡೆಮಿಗೆ, ಅಲ್ಲಿಂದ ಕೋಲ್ಕತ್ತಕ್ಕೆ ಹೋಗಿ ಹೆಸರು ಮಾಡಿದರು. 2020ರಲ್ಲಿ, 49ರ ವಯಸ್ಸಿನಲ್ಲೇ ತೀರಿಕೊಂಡರು.

ಈ ಹೆಸರುಗಳೆಲ್ಲ ಬೆಂಗಳೂರಿನ ಸುತ್ತಲೇ ಸುತ್ತುವುದು ಆಕಸ್ಮಿಕವಲ್ಲ. ದಂಡು ಪ್ರದೇಶದ ಮೈದಾನಗಳು, ಗೌತಮಪುರದಂಥ ಬಡಾವಣೆಗಳ ಕಾಲ್ಚೆಂಡಿನ ಹುಚ್ಚು, ಜಿಲ್ಲಾ ಲೀಗು, ಆಟಗಾರನಿಗೆ ನೌಕರಿ ಕೊಡುತ್ತಿದ್ದ ಎಚ್‌ಎಎಲ್, ಐಟಿಐನಂಥ ಸಾರ್ವಜನಿಕ ಉದ್ದಿಮೆಗಳ ತಂಡಗಳು: ಇವೆಲ್ಲ ಸೇರಿ ಅಲ್ಲೊಂದು ಏಣಿಯಾಗಿತ್ತು. ಧಾರವಾಡದ ಹಳ್ಳಿಗಳಿಂದ ಆ ಏಣಿ ಏರಿದವರ ಹೆಸರು ಸುಲಭವಾಗಿ ನೆನಪಿಗೆ ಬರುವುದಿಲ್ಲ. ಏಣಿಯ ಬುಡವೇ ಇಲ್ಲಿರಲಿಲ್ಲ.

ಗ್ರಾಮೀಣ ಧಾರವಾಡದ ಮಗುವಿನ ಕ್ರೀಡಾಜೀವನ ಸಾಮಾನ್ಯವಾಗಿ ಹೇಗಿರುತ್ತದೆ? ಶಾಲಾ ಕ್ರೀಡಾಕೂಟಗಳು ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ ಎಂಬ ಕ್ರಮದಲ್ಲಿ ನಡೆಯುತ್ತವೆ. ಸೋತ ತಂಡ ಅಲ್ಲಿಗೇ ಮನೆಗೆ. ಅಂದರೆ ಮೊದಲ ಪಂದ್ಯದಲ್ಲಿ ಸೋತ ಶಾಲೆಯ ಹುಡುಗನಿಗೆ ವರ್ಷಕ್ಕೆ ಒಂದೇ ಪಂದ್ಯ! ಅದೂ ಮಳೆಗಾಲದಲ್ಲಿ. ನವಲಗುಂದ, ಅಣ್ಣಿಗೇರಿಯ ಎರೆಭೂಮಿ ಮಳೆಗೆ ಕಾಲಿಗಂಟುವ ಕೆಸರು, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು. ವರ್ಷಕ್ಕೊಂದು ಪಂದ್ಯ ಆಡಿದವನಿಂದ ಆಟಗಾರನನ್ನು ನಿರೀಕ್ಷಿಸುವುದು ವರ್ಷಕ್ಕೊಂದು ದಿನ ಶಾಲೆಗೆ ಹೋದವನಿಂದ ರ‍್ಯಾಂಕ್ ನಿರೀಕ್ಷಿಸಿದಂತೆ.

ಪ್ರತಿಭೆಯನ್ನು ಹುಡುಕಿ ದೂರಕ್ಕೆ ಒಯ್ಯುವ ಮಾರ್ಗವನ್ನೂ ನಾವು ಪ್ರಯತ್ನಿಸಿದ್ದೇವೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಸಮುದಾಯದ ಮಕ್ಕಳನ್ನು ಆಯ್ದು ಅಥ್ಲೆಟಿಕ್ಸ್ ತರಬೇತಿ ನೀಡಿತು. ಕಲಘಟಗಿ ತಾಲ್ಲೂಕಿನ ಕಾಡಂಚಿನಿಂದ ಯಲ್ಲಾಪುರ, ಹಳಿಯಾಳ, ಮುಂಡಗೋಡದವರೆಗೆ ಹರಡಿರುವ ಈ ಸಮುದಾಯದ ಮಕ್ಕಳು ಕೆಲವೇ ವರ್ಷಗಳಲ್ಲಿ ರಾಷ್ಟ್ರಮಟ್ಟದ ಪದಕಗಳನ್ನು ಗೆದ್ದರು. 1990ರ ದಶಕದ ಆರಂಭದಲ್ಲಿ ಸಿದ್ದಿಗಳಿಗಾಗಿ ನಡೆಯುತ್ತಿದ್ದ ಈ ತರಬೇತಿ ನಿಂತುಹೋಯಿತು. ಕೆಲವರಿಗೆ ಸರ್ಕಾರಿ ನೌಕರಿ ಸಿಕ್ಕಿತು. ಉಳಿದವರು ಊರಿಗೆ ಮರಳಿ ಕೂಲಿನಾಲಿಗೆ ಇಳಿದರು. ಮಕ್ಕಳ ಸಾಮರ್ಥ್ಯ ಸಾಬೀತಾಗಿತ್ತು. ಆದರೆ ಆದೇಶದಿಂದ ಹುಟ್ಟಿದ ಯೋಜನೆ ಆದೇಶದಿಂದಲೇ ಸತ್ತಿತು. ಅದರ ಬೇರು ಆ ಮಕ್ಕಳ ಊರುಗಳಲ್ಲಿ ಇಳಿದಿರಲಿಲ್ಲ.

ಹಾಗೆಂದು ಮೇಲಿನ ಮೆಟ್ಟಿಲುಗಳಾದರೂ ಭದ್ರವೇ? 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಎರಡು ಬಾರಿ ಐ-ಲೀಗ್, 2018-19ರಲ್ಲಿ ಐಎಸ್‌ಎಲ್ ಗೆದ್ದು ರಾಜ್ಯಕ್ಕೆ ಕೀರ್ತಿ ತಂದಿತು. ಆದರೆ 2025ರಲ್ಲಿ ಐಎಸ್‌ಎಲ್ ಆಯೋಜನೆಯೇ ಅನಿಶ್ಚಿತವಾದಾಗ ಆ ಕ್ಲಬ್ಬೂ ಆಟಗಾರರ ವೇತನವನ್ನು ತಡೆಹಿಡಿಯಬೇಕಾಯಿತು. ದೇಶದ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಪಂಜಾಬಿನ ಜೆಸಿಟಿ 2011ರಲ್ಲೇ ತನ್ನ ತಂಡವನ್ನು ಮುಚ್ಚಿತ್ತು. ತಾಂಬೋವ್ ಇರಲಿ, ಬೆಂಗಳೂರಿರಲಿ, ಶಿಖರದಿಂದ ಕಟ್ಟಲು ಹೊರಟ ಕಟ್ಟಡದ ಗತಿ ಒಂದೇ.

ಆದ್ದರಿಂದ ಬೇಕಾದದ್ದು ಇನ್ನೊಂದು ವೈಭವದ ಕ್ರೀಡಾಂಗಣವಲ್ಲ. ತಾಲ್ಲೂಕು ಮಟ್ಟದ ನಿರಂತರ ಲೀಗ್. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಈ ನಾಲ್ಕು ತಾಲ್ಲೂಕುಗಳಲ್ಲಿ ತಲಾ ಎಂಟು ತಂಡಗಳೆಂದು ಇಟ್ಟುಕೊಳ್ಳೋಣ. ಪ್ರತಿ ತಂಡವೂ ಉಳಿದ ಏಳರೊಡನೆ ಎರಡೆರಡು ಬಾರಿ ಆಡಿದರೆ ಒಂದು ಮಗುವಿಗೆ ವರ್ಷಕ್ಕೆ 14 ಪಂದ್ಯಗಳು ದಕ್ಕುತ್ತವೆ. ಮಳೆ ನಿಂತ ಕಾರ್ತಿಕದಿಂದ ಶಿವರಾತ್ರಿಯವರೆಗಿನ ಭಾನುವಾರಗಳು ಇದಕ್ಕೆ ಸಾಕು. ಆಗ ಎರೆಮಣ್ಣೂ ಒಣಗಿ ಗಟ್ಟಿಯಾಗಿರುತ್ತದೆ. ಬಾಲಕಿಯರ ಲೀಗೂ ಮೊದಲ ವರ್ಷದಿಂದಲೇ ಇರಬೇಕು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2018ರಲ್ಲಿ ಆರಂಭಿಸಿದ ‘ಗೋಲ್ಡನ್ ಬೇಬಿ ಲೀಗ್’ ಕೂಡ ಎಳೆಯ ಮಕ್ಕಳಿಗೆ ಇಂಥದೇ ನಿರಂತರ ಆಟವನ್ನು ಉದ್ದೇಶಿಸಿದ್ದು. ಬೇಕಾದ ಸಾಮಗ್ರಿ ಚೆಂಡು, ನಾಲ್ಕು ಕಂಬ, ಸುಣ್ಣದ ಗೆರೆ ಮತ್ತು ತರಬೇತಾದ ಒಬ್ಬ ದೈಹಿಕ ಶಿಕ್ಷಕ. ಈ ಪಟ್ಟಿಯಲ್ಲಿ ಕಷ್ಟದ್ದು ಕೊನೆಯದು. ದೈಹಿಕ ಶಿಕ್ಷಕರ ಖಾಲಿ ಹುದ್ದೆ ತುಂಬುವುದೇ ಸರ್ಕಾರದ ಮೊದಲ ಕ್ರೀಡಾನೀತಿಯಾಗಲಿ.

ಗರಡಿಮನೆಗಳ ನಾಡಿನಲ್ಲಿ ಕಾಲ್ಚೆಂಡೇ ಏಕೆ, ಕುಸ್ತಿ, ಕಬಡ್ಡಿ, ಕೊಕ್ಕೊ ಇಲ್ಲವೇ ಎಂಬ ಪ್ರಶ್ನೆ ಸಹಜ. ಇವು ಪರಸ್ಪರ ವೈರಿಗಳಲ್ಲ. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಹಳ್ಳಿಯ ಆಟವೂ ಸಂಬಳ ತರುವ ವೃತ್ತಿಯಾಗಬಲ್ಲದೆಂಬುದನ್ನು ಕಂಡಿದ್ದೇವೆ. ಇಲ್ಲಿ ಚರ್ಚೆ ಆಟದ ಆಯ್ಕೆಯದಲ್ಲ, ಏಣಿಯದು. ಕಾಲ್ಚೆಂಡಿಗೆ ಕಟ್ಟಿದ ಲೀಗಿನ ಮಾದರಿ ಕಬಡ್ಡಿಗೂ ಒದಗುತ್ತದೆ.

ಇನ್ನು ಪಾಲಕರ ಭಯ. ಆಟ ಕೈಕೊಟ್ಟರೆ ಮಗನ ಗತಿಯೇನು ಎಂದು ಒಬ್ಬ ರೈತ ಕೇಳಿದರೆ ಅದು ಸಣ್ಣತನವಲ್ಲ. ಎರಡು ವರ್ಷ ಮಳೆ ಕೈಕೊಟ್ಟರೆ ಏನಾಗುತ್ತದೆಂದು ಬಲ್ಲವನ ಪ್ರಶ್ನೆ ಅದು. ಆಟಗಾರನ ವೃತ್ತಿ ಮೂವತ್ತೈದರ ಆಸುಪಾಸಿಗೆ ಮುಗಿಯುತ್ತದೆ. ಮೊಣಕಾಲು ಮುರಿದರೆ ಇಪ್ಪತ್ತಕ್ಕೇ ಮುಗಿಯುತ್ತದೆ. ಝಿರ್ಕೋವ್‌ನಂತೆ ಮೇಲೇರಿದವನೊಬ್ಬನಾದರೆ, ಅರ್ಧದಲ್ಲೇ ಉಳಿದವರು ನೂರಾರು. ಊರಲ್ಲೇ ನಡೆಯುವ ಲೀಗಿನ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಮಗು ಶಾಲೆ ಬಿಡಬೇಕಾಗಿಲ್ಲ, ಮನೆ ಬಿಡಬೇಕಾಗಿಲ್ಲ. ಆಟಗಾರನಾಗದವನು ತರಬೇತುದಾರನೋ ತೀರ್ಪುಗಾರನೋ ಆದಾನು. ಏನೂ ಆಗದಿದ್ದರೂ ಆರೋಗ್ಯವಂತ ಯುವಕನಾಗಿ ಓದು ಮುಂದುವರಿಸಿಯಾನು.

ಜಿಲ್ಲಾಡಳಿತ, ಜಿಲ್ಲಾ ಪಂಚಾಯಿತಿ, ಶಿಕ್ಷಣ ಇಲಾಖೆ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಹಾಗೂ ರಾಜ್ಯ ಫುಟ್‌ಬಾಲ್ ಸಂಸ್ಥೆ ಒಂದೆಡೆ ಕುಳಿತರೆ ಇದು ಒಂದೇ ಋತುವಿನಲ್ಲಿ ಆರಂಭವಾಗಬಲ್ಲ ಕೆಲಸ. ಸಿದ್ದಿ ಮಕ್ಕಳ ಯೋಜನೆಗಾದ ಗತಿ ಇದಕ್ಕೂ ಆಗದಿರಬೇಕಾದರೆ, ಹತ್ತು ವರ್ಷ ನಿಲ್ಲಿಸುವುದಿಲ್ಲವೆಂಬ ಬದ್ಧತೆ ಮೊದಲ ದಿನವೇ ಇರಬೇಕು. ಲೀಗ್ ಆಡುತ್ತ ಬೆಳೆದ ಒಂದು ತಲೆಮಾರು ಸಿದ್ಧವಾಗಲು ಅಷ್ಟು ಕಾಲ ಬೇಕೇಬೇಕು. ಅಲ್ಲಿಯವರೆಗೆ, ವಿಶ್ವಕಪ್ ಬಂದಾಗಲೆಲ್ಲ ನೂರನಲವತ್ತು ಕೋಟಿ ಜನರ ದೇಶಕ್ಕೆ ಹನ್ನೊಂದು ಮಂದಿ ಸಿಗುವುದಿಲ್ಲವೇ ಎಂದು ಹಲುಬುವ ಹಕ್ಕು ನಮಗಿಲ್ಲ.