ಕಡಲು ನೀಲಿಯಂತೆ, ದೊಡ್ಡದಂತೆ

ಕನ್ನಡದಲ್ಲಿ 'ಅಂತೆ' ಅನ್ನುವ ಪುಟ್ಟ ಮಾತೊಂದಿದೆ. 'ನಾಳೆ ಶಾಲೆಗೆ ರಜೆಯಂತೆ', 'ಪಕ್ಕದ ಮನೆ ಬೆಕ್ಕು ನಾಲ್ಕು ಮರಿ ಹಾಕಿದೆಯಂತೆ' ಎಂದು ಮಕ್ಕಳು ದಿನಕ್ಕೆ ಹತ್ತು ಸಲ ಅದನ್ನು ಬಳಸುತ್ತಾರೆ. ನಾನು ಕಣ್ಣಾರೆ ಕಂಡಿಲ್ಲ, ಯಾರೋ ಹೇಳಿದ್ದನ್ನು ಕೇಳಿದ್ದೇನೆ ಎಂಬುದನ್ನು ಈ ಎರಡೇ ಅಕ್ಷರ ಹೇಳಿ ಮುಗಿಸುತ್ತದೆ. ನನಗೆ ತುಂಬಾ ಇಷ್ಟವಾದ ಹಾಡೊಂದು ಈ 'ಅಂತೆ'ಯ ಮೇಲೆಯೇ ನಿಂತಿದೆ. ಜಿ.ಎಸ್. ಶಿವರುದ್ರಪ್ಪನವರು ಬರೆದ, ಸಿ. ಅಶ್ವಥ್ ಹಾಡಿದ 'ಕಾಣದ ಕಡಲಿಗೆ'.

ಹಾಡಿನಲ್ಲಿ ಮಾತನಾಡುವುದು ಒಂದು ತೊರೆ. ದಟ್ಟ ಕಾಡಿನ ನಡುವೆ ಅಂಕುಡೊಂಕಾಗಿ ಹರಿಯುತ್ತಿದೆ. ಅದು ಕಡಲನ್ನು ಕಂಡಿಲ್ಲ. ಕಡಲು ನೀಲಿಯಂತೆ, ಅದಕ್ಕೆ ಕೊನೆಯೇ ಇಲ್ಲವಂತೆ, ಎಷ್ಟು ನದಿಗಳು ತುಂಬಿ ಬಂದು ಸೇರಿದರೂ ಇದ್ದ ಹಾಗೇ ಇರುತ್ತದಂತೆ. ಎಲ್ಲವೂ ಕೇಳಿದ ಸುದ್ದಿ. ಆದರೂ ತೊರೆಗೆ ಒಳಗೊಳಗೇ ಅದರ ಮೊರೆತ ಕೇಳಿಸುತ್ತದೆ. ಒಂದು ದಿನ ನಾನು ಅದನ್ನು ನೋಡುತ್ತೇನಾ, ಸೇರುತ್ತೇನಾ ಎಂದು ಕೇಳುತ್ತದೆ. ಹಾಡು ಮುಗಿಯುವಾಗಲೂ ಆ ಪ್ರಶ್ನೆ ಪ್ರಶ್ನೆಯಾಗಿಯೇ ಇರುತ್ತದೆ.

ಅಶ್ವಥ್ ಅವರದು ಗಟ್ಟಿ ಕಂಠ. ಶಿಶುನಾಳ ಶರೀಫರ ತತ್ವಪದಗಳನ್ನು ಅವರು ಹಾಡಿದ್ದನ್ನು ಕೇಳಿದವರಿಗೆ ಆ ಏರುದನಿಯ ಬಿಸಿ ಗೊತ್ತು. ಮೈಕು ಇಲ್ಲದಿದ್ದರೂ ನಾಲ್ಕು ಬೀದಿಗೆ ಕೇಳಿಸುವಂಥ ದನಿ ಅದು. ಅಂಥ ದನಿ ಈ ಹಾಡಿನಲ್ಲಿ ಒಂದು ಸಣ್ಣ ತೊರೆಯಾಗುತ್ತದೆ. 'ಒಂದು ದಿನ' ಎಂಬ ಮಾತು ಬಂದಾಗಲೆಲ್ಲ ನಾನು ಕೆಲಸ ನಿಲ್ಲಿಸಿ ಕಿವಿಗೊಡುತ್ತೇನೆ. ಅಲ್ಲಿ ಅಳು ಇಲ್ಲ. ಸೇರಿಯೇ ಸೇರುತ್ತೇನೆಂಬ ಜಂಬವೂ ಇಲ್ಲ. ಬರೀ ಹಂಬಲವನ್ನು, ಅದಕ್ಕೆ ಏನನ್ನೂ ಬೆರೆಸದೆ ಹಾಡುವುದು ಸುಲಭವಲ್ಲ.

ನಮ್ಮ ಅಪ್ಪ ಟೈಲರ್ ಆಗಿದ್ದರು. ಅಂಗಡಿಯ ಮೂಲೆಯಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಹೊಲಿಗೆ ಯಂತ್ರದ ಕಟಕಟ ಸದ್ದಿನ ನಡುವೆಯೇ ಹಾಡುಗಳು ಸಾಗುತ್ತಿದ್ದವು. ಆದರೆ ಈ ಹಾಡು ಬಂದರೆ ಅಪ್ಪನ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ಅಷ್ಟೂ ಹೊತ್ತು ಬಟ್ಟೆ ಸೂಜಿಯ ಕೆಳಗೇ ಇರುತ್ತಿತ್ತು. ಮುಗಿದ ಮೇಲೆ, 'ಒಂದ್ಸಲ ಕಾರವಾರಕ್ಕೆ ಹೋಗಿ ಸಮುದ್ರ ನೋಡ್ಕೊಂಡ್ ಬರ್ಬೇಕು' ಅನ್ನುತ್ತಿದ್ದರು. ಹಬ್ಬದ ಬಟ್ಟೆ, ಮದುವೆ ಬಟ್ಟೆ, ಶಾಲೆಯ ಯೂನಿಫಾರ್ಮು ಎಂದು ವರ್ಷವೆಲ್ಲ ಕೆಲಸ. ಹೋಗಲು ಆಗಲೇ ಇಲ್ಲ. ಅಪ್ಪ ಸಮುದ್ರ ನೋಡದೆಯೇ ತೀರಿಕೊಂಡರು. ಹಾಗೆಂದು ಕಡಲು ಅವರ ಬದುಕಿನಲ್ಲಿ ಇರಲಿಲ್ಲ ಎಂದು ನಾನು ಹೇಳಲಾರೆ. ವಾರಕ್ಕೆ ಎರಡು ಮೂರು ಸಲವಾದರೂ ಅದು ನಮ್ಮ ಅಂಗಡಿಗೆ ಬಂದು ಹೋಗುತ್ತಿತ್ತು.

ಅಶ್ವಥ್ ಅವರ ಹೆಸರು ಕೇಳದ ಮಕ್ಕಳಿಗೆ ನಾನು ಮೊದಲು ಹೇಳುವುದು 1993ರ 'ಚಿನ್ನಾರಿ ಮುತ್ತ' ಚಿತ್ರದ ಬಗ್ಗೆ. ಎಚ್.ಎಸ್. ವೆಂಕಟೇಶಮೂರ್ತಿಯವರ ಹಾಡುಗಳಿಗೆ ಅಶ್ವಥ್ ಸಂಗೀತ ಕೊಟ್ಟ, ಮಕ್ಕಳಿಗಾಗಿಯೇ ಮಾಡಿದ ಸಿನಿಮಾ ಅದು. ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29ರಂದು, ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ಬೆಂಗಳೂರಿನ ಐಟಿಐ ಕಾರ್ಖಾನೆಯ ನೌಕರಿ ಮಾಡುತ್ತಲೇ ಹಾಡು ಕಟ್ಟಿದವರು. ಬೇಂದ್ರೆ, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿ ಅವರ ಕವಿತೆಗಳು ಪುಸ್ತಕದಿಂದ ಎದ್ದು ಅಡುಗೆಮನೆಯವರೆಗೆ ಬಂದದ್ದರಲ್ಲಿ ಇವರ ಪಾಲು ದೊಡ್ಡದು. 2009ರಲ್ಲಿ, ಎಪ್ಪತ್ತು ತುಂಬಿದ ಹುಟ್ಟುಹಬ್ಬದ ದಿನವೇ ತೀರಿಕೊಂಡರು.

ಈಚೆಗೆ ನನ್ನ ಮಗಳು ಈ ಹಾಡು ಕೇಳಿ, 'ಅಮ್ಮಾ, ಆ ತೊರೆ ಕೊನೆಗೆ ಸಮುದ್ರ ಸೇರ್ತಾ?' ಎಂದಳು. 'ಕವಿ ಹೇಳಿಲ್ಲ ಪುಟ್ಟಿ' ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಹಾಡಿನ ತೊರೆಗೆ ಹೆಸರಿಲ್ಲ. ಆದರೆ ಶಿವರುದ್ರಪ್ಪನವರು ಹುಟ್ಟಿದ ಶಿಕಾರಿಪುರ ತಾಲ್ಲೂಕಿನಲ್ಲಿ ಹರಿಯುವ ನದಿಗೆ ಹೆಸರಿದೆಯಲ್ಲ, ಕುಮುದ್ವತಿ! ನಕ್ಷೆ ಹರಡಿಕೊಂಡು ಅದರ ಮೇಲೆ ಬೆರಳಿಟ್ಟೆವು.

ಅರಬ್ಬಿ ಸಮುದ್ರ ಅಲ್ಲೇ ಪಡುವಣಕ್ಕಿದೆ. ಆದರೆ ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ನೆಲದ ಇಳಿಜಾರು ಮೂಡಣಕ್ಕೆ. ಹಾಗಾಗಿ ಕುಮುದ್ವತಿ ಹೋಗಿ ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆ ಬಳ್ಳಾರಿ, ರಾಯಚೂರು ಸೀಮೆಗಳನ್ನು ದಾಟಿ, ಕರ್ನೂಲಿನ ಆಚೆ ಕೃಷ್ಣೆಗೆ ಕೂಡುತ್ತದೆ. ಕೃಷ್ಣೆ ಆಂಧ್ರವನ್ನು ಹಾದು, ಹಂಸಲದೀವಿಯ ಹತ್ತಿರ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಮಗಳ ಬೆರಳು ನಕ್ಷೆಯ ಈ ಅಂಚಿನಿಂದ ಆ ಅಂಚಿಗೆ ಹೋಗಿತ್ತು. 'ಹತ್ರದ ಸಮುದ್ರ ಬಿಟ್ಟು ಇಷ್ಟು ದೂರಾನಾ? ಪಾಪ, ಅದಕ್ಕೆ ಗೊತ್ತೇ ಇರಲ್ಲ' ಎಂದಳು.

ಗೊತ್ತಿರುವುದಿಲ್ಲ, ನಿಜ. ಈ ಹಾಡನ್ನು ಮಕ್ಕಳ ಜೊತೆ ಕೇಳಬೇಕು ಎಂದು ನನಗನ್ನಿಸುವುದೂ ಅದಕ್ಕೇ. ನಮ್ಮ ಮನೆಗಳಲ್ಲಿ ಮಗುವನ್ನು ಕಂಡ ಕೂಡಲೇ 'ದೊಡ್ಡೋಳಾದ್ಮೇಲೆ ಏನಾಗ್ತೀಯಾ?' ಎಂದು ಕೇಳುತ್ತೇವೆ. ಉತ್ತರ ತಕ್ಷಣ ಬರಬೇಕು, ಗಟ್ಟಿಯಾಗಿ ಬರಬೇಕು. 'ಆಗ್ತೀನೋ ಇಲ್ವೋ ಗೊತ್ತಿಲ್ಲ, ಆದ್ರೆ ಆಸೆ ಇದೆ' ಎಂದು ಒಂದು ಮಗು ಹೇಳಿದರೆ ನಮಗೆ ಕಸಿವಿಸಿ. ಹಾಗಲ್ಲ, ಆಗೇ ಆಗ್ತೀನಿ ಅನ್ನು ಎಂದು ತಿದ್ದುತ್ತೇವೆ. ಸಿಗುತ್ತದೋ ಇಲ್ಲವೋ ತಿಳಿಯದೆಯೂ ಒಂದನ್ನು ಮನಸಾರೆ ಬಯಸಬಹುದು, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ ಎಂದು ಮಕ್ಕಳಿಗೆ ಹೇಳುವವರು ಕಡಿಮೆ. ಅಶ್ವಥ್ ಅದನ್ನು ಹಾಡಿ ಹೇಳಿದ್ದಾರೆ. ಜೊತೆಗೆ, ತೊರೆ ಪ್ರಶ್ನೆ ಕೇಳುತ್ತ ನಿಂತಿಲ್ಲ, ಹರಿಯುತ್ತಲೇ ಕೇಳುತ್ತಿದೆ. ಮಕ್ಕಳು ಇದನ್ನು ನಮಗಿಂತ ಬೇಗ ಗಮನಿಸುತ್ತಾರೆ.

ಒಂದು ಸಂಜೆ ಟಿ.ವಿ. ಆರಿಸಿ, ಮನೆಮಂದಿಯೆಲ್ಲ ಕೂತು ಈ ಹಾಡು ಕೇಳಿ. ಮುಗಿದ ಮೇಲೆ ಯಾರೂ ಅರ್ಥ ಬಿಡಿಸಿ ಹೇಳಬೇಡಿ. ಅಜ್ಜ ಅಜ್ಜಿ ಇದ್ದರೆ, ನೀವು ನೋಡಬೇಕೆಂದುಕೊಂಡು ನೋಡದೇ ಉಳಿದದ್ದು ಯಾವುದು ಎಂದು ಕೇಳಿ. ಕಾರವಾರವೋ, ಕಾಶಿಯೋ, ಪಕ್ಕದ ತಾಲ್ಲೂಕಿನ ಜಾತ್ರೆಯೋ ಇರಬಹುದು. ಅದು ಒಂದು ದಿನದ ಬಸ್ಸಿನ ದಾರಿಯಲ್ಲಿದ್ದರೆ, ಈ ರಜೆಯಲ್ಲೇ ಕರೆದುಕೊಂಡು ಹೋಗಿ.